ಸಾವಿರ ಪಾಸ್, ಸೊನ್ನೆ ಗೋಲು: ಸ್ಪೇನ್ ಎಡವಿದ್ದು ಎಲ್ಲಿ?

ಪ್ರಶ್ನೆ: 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಸ್ಪೇನ್ ತಂಡ ಮೊರಾಕೊ ಎದುರು ಸೋತ ಪಂದ್ಯದ ಬಗ್ಗೆ ನಮ್ಮ ಗೆಳೆಯರ ಬಳಗದಲ್ಲಿ ಇಂದಿಗೂ ವಾದ ಮುಗಿದಿಲ್ಲ. ಪಂದ್ಯದ ಮುಕ್ಕಾಲು ಪಾಲು ಹೊತ್ತು ಚೆಂಡು ಸ್ಪೇನ್ ಆಟಗಾರರ ಕಾಲಲ್ಲೇ ಇತ್ತು. ಅಷ್ಟಾದರೂ ಸೋತದ್ದು ಕೋಚ್ ತಪ್ಪಿನಿಂದ ಎಂದು ಕೆಲವರು, ಪೆನಾಲ್ಟಿಯಲ್ಲಿ ಅದೃಷ್ಟ ಕೈಕೊಟ್ಟಿತು ಎಂದು ಕೆಲವರು, ಒಳ್ಳೆಯ ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿಯ ಆಟಗಾರ) ಇರಲಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡು ವರ್ಷ ಕಳೆಯುವುದರೊಳಗೆ ಅದೇ ಸ್ಪೇನ್ ಯುರೋಪಿನ ರಾಷ್ಟ್ರಗಳ ಟೂರ್ನಿಯಾದ ಯೂರೊ ಕಪ್ ಗೆದ್ದಿತು. ಈ ನಡುವೆ ಬದಲಾದದ್ದೇನು? ಚೆಂಡಿನ ಮೇಲಿನ ಹಿಡಿತಕ್ಕೆ ಬೆಲೆಯೇ ಇಲ್ಲವೆ? ಚೆಂಡಿನ ಹಿಂದೆಯೇ ಕಣ್ಣು ಓಡಿಸುವ ನಮ್ಮಂಥ ವೀಕ್ಷಕರು ತಂತ್ರಗಾರಿಕೆಯನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಗೆಳೆಯರ ಮೂರು ಗುಂಪುಗಳೂ ಪೂರ್ತಿ ತಪ್ಪು ಹೇಳುತ್ತಿಲ್ಲ. ಆದರೆ ಮೂವರೂ ಒಂದು ಅಂಕಿಯನ್ನು ಪ್ರಶ್ನಿಸದೆ ಒಪ್ಪಿಕೊಂಡು ವಾದಕ್ಕೆ ಇಳಿದಿದ್ದಾರೆ. ಮುಕ್ಕಾಲು ಹೊತ್ತು ಚೆಂಡು ಸ್ಪೇನ್ ಬಳಿ ಇತ್ತು, ಆದ್ದರಿಂದ ಪಂದ್ಯ ಸ್ಪೇನ್ ಕೈಯಲ್ಲಿತ್ತು, ಆದ್ದರಿಂದ ಸೋಲಿಗೆ ಯಾವುದೋ ವಿಶೇಷ ಕಾರಣ ಇರಲೇಬೇಕು ಎಂಬುದು ಅವರ ತರ್ಕದ ಬುನಾದಿ. ನನ್ನ ಮಟ್ಟಿಗೆ ಆ ಬುನಾದಿಯೇ ಅಲುಗಾಡುತ್ತದೆ. ಹಿಡಿತದ ಶೇಕಡಾವಾರು ಲೆಕ್ಕ ಚೆಂಡು ಯಾರ ಬಳಿ ಇತ್ತು ಎಂಬುದನ್ನಷ್ಟೇ ಹೇಳುತ್ತದೆ. ಅದು ಅಲ್ಲಿರಬೇಕೆಂದು ಬಯಸಿದವರು ಯಾರು ಎಂಬುದನ್ನು ಹೇಳುವುದಿಲ್ಲ. ಆ ದಿನ ಸ್ಪೇನ್ ಬಳಿ ಚೆಂಡು ಇದ್ದದ್ದು ಬಹುಮಟ್ಟಿಗೆ ಮೊರಾಕೊದ ಇಚ್ಛೆಯಂತೆ, ಮೊರಾಕೊ ತೋರಿಸಿದ ಜಾಗಗಳಲ್ಲಿ.

ಪಂದ್ಯವನ್ನು ಒಮ್ಮೆ ನೆನಪಿಸಿಕೊಳ್ಳೋಣ. 2022ರ ಡಿಸೆಂಬರ್ 6ರಂದು ಕತಾರ್‌ನ ಅಲ್ ರಯ್ಯಾನ್‌ನಲ್ಲಿರುವ ಎಜುಕೇಷನ್ ಸಿಟಿ ಕ್ರೀಡಾಂಗಣದಲ್ಲಿ 16ರ ಘಟ್ಟದ (16 ತಂಡಗಳು ಉಳಿದ, ಸೋತವರು ಹೊರಬೀಳುವ ಸುತ್ತಿನ) ಈ ಪಂದ್ಯ ನಡೆಯಿತು. ಹೆಚ್ಚುವರಿ ಅವಧಿಯೂ ಸೇರಿ 120 ನಿಮಿಷಗಳಲ್ಲಿ ಒಂದೂ ಗೋಲು ಬರಲಿಲ್ಲ. ಎರಡೂ ತಂಡ ಸರದಿಯಂತೆ ಪೆನಾಲ್ಟಿ ಒದ್ದು ಗೆಲುವು ನಿರ್ಧರಿಸುವ ಶೂಟೌಟ್‌ನಲ್ಲಿ ಸ್ಪೇನ್‌ನ ಪಾಬ್ಲೊ ಸರಾಬಿಯ ಒದ್ದ ಚೆಂಡು ಗೋಲು ಕಂಬಕ್ಕೆ ಬಡಿಯಿತು. ಕಾರ್ಲೋಸ್ ಸೊಲೆರ್ ಮತ್ತು ಸರ್ಜಿಯೊ ಬುಸ್ಕೆಟ್ಸ್ ಅವರ ಹೊಡೆತಗಳನ್ನು ಗೋಲ್‌ಕೀಪರ್ ಯಾಸಿನ್ ಬೂನು ತಡೆದರು. ಮ್ಯಾಡ್ರಿಡ್‌ನಲ್ಲೇ ಹುಟ್ಟಿದ ಅಶ್ರಫ್ ಹಕೀಮಿ ಗೋಲಿನ ನಡುಮಧ್ಯಕ್ಕೆ ಚೆಂಡನ್ನು ಮೆಲ್ಲಗೆ ಎತ್ತಿ ಹಾಕಿ 3–0 ಅಂತರದಲ್ಲಿ ಪಂದ್ಯ ಮುಗಿಸಿದರು. ಸ್ಪೇನ್ ಅಂದು ಸಾವಿರಕ್ಕೂ ಹೆಚ್ಚು ಪಾಸ್‌ಗಳನ್ನು ಆಡಿತ್ತು. ಇದಕ್ಕೆ ಹದಿಮೂರು ದಿನ ಹಿಂದೆ, ನವೆಂಬರ್ 23ರಂದು, ಇದೇ ತಂಡ ಇದೇ ಕೋಚ್ ಲೂಯಿಸ್ ಎನ್ರಿಕೆ ಅವರ ಕೈಕೆಳಗೆ ಕೋಸ್ಟರಿಕಾ ವಿರುದ್ಧ ಆಗಲೂ ಸಾವಿರದ ಗಡಿ ದಾಟಿದ ಪಾಸ್‌ಗಳೊಂದಿಗೆ 7–0 ಗೋಲುಗಳಿಂದ ಗೆದ್ದಿತ್ತು. ಸಾವಿರ ಪಾಸ್‌ಗೆ ಒಮ್ಮೆ ಏಳು ಗೋಲು, ಇನ್ನೊಮ್ಮೆ ಸೊನ್ನೆ. ಹಾಗಿರುವಾಗ ಗೆಲುವಿಗಾಗಲಿ ಸೋಲಿಗಾಗಲಿ ಆ ಸಂಖ್ಯೆಯನ್ನೇ ಕಾರಣವಾಗಿ ಮುಂದಿಡುವುದು ಸರಿಯಾಗುವುದಿಲ್ಲ. ಕೋಸ್ಟರಿಕಾ ಬಿಟ್ಟುಕೊಟ್ಟ ಜಾಗ ಬೇರೆ, ಮೊರಾಕೊ ಬಿಟ್ಟುಕೊಟ್ಟ ಜಾಗ ಬೇರೆ.

ಮೊರಾಕೊ ಮಾಡಿದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ‘ಹನ್ನೊಂದು ಮಂದಿಯೂ ಗೋಲಿನ ಮುಂದೆ ಗುಂಪುಗೂಡಿ ನಿಂತರು’ ಎಂದು ಹೇಳಿ ಮುಗಿಸುವುದು ಆ ತಂಡಕ್ಕೆ ಮಾಡುವ ಅನ್ಯಾಯ. ಕೋಚ್ ವಾಲಿದ್ ರೆಗ್ರಾಗಿ ಅಧಿಕಾರ ವಹಿಸಿಕೊಂಡದ್ದು ಆಗಸ್ಟ್ ಕೊನೆಯಲ್ಲಿ. ಅಂದರೆ ವಿಶ್ವಕಪ್‌ಗೆ ಮೂರು ತಿಂಗಳೂ ಇರಲಿಲ್ಲ. ಅಷ್ಟರಲ್ಲಿ ಅವರು ಕಲಿಸಿದ್ದು ಒಂದೇ ವಿಷಯ, ಆದರೆ ಅದನ್ನು ಚೆನ್ನಾಗಿ ಕಲಿಸಿದರು. ನಾಲ್ವರು ಡಿಫೆಂಡರ್‌ಗಳ ಒಂದು ಸಾಲು, ಅದರ ಮುಂದೆ ಮಿಡ್‌ಫೀಲ್ಡರ್‌ಗಳ ಇನ್ನೊಂದು ಸಾಲು, ಎರಡರ ನಡುವಿನ ಇಕ್ಕಟ್ಟಿನಲ್ಲಿ ಕಾವಲಿಗೆ ಸೊಫ್ಯಾನ್ ಅಮ್ರಾಬತ್. ಚೆಂಡು ಬಲಕ್ಕೆ ಹೋದರೆ ಇಡೀ ವ್ಯೂಹ ಬಲಕ್ಕೆ ಸರಿಯುತ್ತಿತ್ತು, ಎಡಕ್ಕೆ ಬಂದರೆ ಎಡಕ್ಕೆ. ಸಾಲುಗಳ ನಡುವಿನ ಅಂತರ ಮಾತ್ರ ಹಿಗ್ಗುತ್ತಿರಲಿಲ್ಲ. ಮುಂಚೂಣಿಯ ಯೂಸುಫ್ ಎನ್-ನೆಸಿರಿ ಸ್ಪೇನ್‌ನ ಸೆಂಟರ್ ಬ್ಯಾಕ್‌ಗಳ (ಹಿಂಬದಿಯ ನಡುವಿನ ಡಿಫೆಂಡರ್‌ಗಳ) ಮೇಲೆ ಮುಗಿಬೀಳುವುದಕ್ಕಿಂತ ಮಿಡ್‌ಫೀಲ್ಡರ್ ಬುಸ್ಕೆಟ್ಸ್‌ಗೆ ಚೆಂಡು ಹೋಗುವ ದಾರಿಗೆ ಅಡ್ಡ ನಿಲ್ಲುವುದಕ್ಕೇ ಹೆಚ್ಚು ಗಮನ ಕೊಟ್ಟರು. ಸ್ಪೇನ್‌ನ ಹಿಂಬದಿಯವರಿಗೆ ಚೆಂಡು ಬೇಕಾದಷ್ಟು ಹೊತ್ತು ಸಿಕ್ಕಿತು. ಆ ಚೆಂಡನ್ನು ಕಳಿಸಲು ತಕ್ಕ ಜಾಗ ಸಿಗಲಿಲ್ಲ.

ಹಾಗಾದಾಗ ಚೆಂಡಿನ ಹಾದಿ ಹೇಗಿರುತ್ತದೆ ಎಂಬುದನ್ನು ನೀವು ಕಾಗದದ ಮೇಲೆ ಬರೆದು ನೋಡಬಹುದು. ಬಲಬದಿಯ ಫುಲ್‌ಬ್ಯಾಕ್‌ನಿಂದ, ಅಂದರೆ ಅಂಚಿನ ಡಿಫೆಂಡರ್‌ನಿಂದ, ಸೆಂಟರ್ ಬ್ಯಾಕ್‌ಗೆ, ಅಲ್ಲಿಂದ ಇನ್ನೊಬ್ಬ ಸೆಂಟರ್ ಬ್ಯಾಕ್‌ಗೆ, ಅಲ್ಲಿಂದ ಎಡಬದಿಯ ಫುಲ್‌ಬ್ಯಾಕ್‌ಗೆ, ಮುಂದೆ ದಾರಿ ಇಲ್ಲವೆಂದು ಮತ್ತೆ ಅದೇ ಹಾದಿಯಲ್ಲಿ ಹಿಂದಕ್ಕೆ. ಎದುರಾಳಿಯ ವ್ಯೂಹವನ್ನು ಹೊರಗಿನಿಂದ ಬಳಸಿ ಹೋಗುವ ಒಂದು ಲಾಳದ ಆಕಾರ ನಿಮಗೆ ಸಿಗುತ್ತದೆ. ಗಾಣದ ಎತ್ತು ದಿನವಿಡೀ ನಡೆಯುತ್ತದೆ, ಆದರೆ ಊರು ದಾಟುವುದಿಲ್ಲ. ಆ ನಡಿಗೆಯನ್ನು ಹಿಡಿತದ ಲೆಕ್ಕ ಪ್ರಾಮಾಣಿಕವಾಗಿ ದಾಖಲಿಸುತ್ತದೆ, ಪಾಸ್ ಯಶಸ್ವಿಯಾದ ಪ್ರಮಾಣವನ್ನೂ ಬಹಳ ಚಂದವಾಗಿ ತೋರಿಸುತ್ತದೆ. ಗೋಲಿನ ಕಡೆಗೆ ಎಷ್ಟು ದೂರ ಸಾಗಿದರು ಎಂಬುದು ಮಾತ್ರ ಅದರಲ್ಲಿ ಕಾಣುವುದಿಲ್ಲ. ಅಂದು ಸ್ಪೇನ್ ಗುರಿಯತ್ತ ಒದ್ದ ಚೆಂಡುಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತವೆ.

ಇಂಥ ವ್ಯೂಹವನ್ನು ಒಡೆಯುವ ಬಗೆಗಳು ಬಹಳವಿಲ್ಲ. ಬದಿಯಲ್ಲಿ ಒಬ್ಬ ಆಟಗಾರ ತನ್ನ ಎದುರಿನವನನ್ನು ಒಂಟಿಯಾಗಿ ದಾಟಿ ಹೋಗಬೇಕು; ಆಗ ಅವನನ್ನು ತಡೆಯಲು ಇನ್ನೊಬ್ಬ ತನ್ನ ಜಾಗ ಬಿಟ್ಟು ಬರಬೇಕಾಗುತ್ತದೆ, ಮತ್ತು ಬಿಟ್ಟ ಆ ಜಾಗವೇ ಬಾಗಿಲಾಗುತ್ತದೆ. ಇಲ್ಲವೇ ಚೆಂಡು ಇಲ್ಲದವನು ಡಿಫೆಂಡರ್‌ಗಳ ಬೆನ್ನ ಹಿಂದಕ್ಕೆ ಓಡಬೇಕು. ಚೆಂಡು ಅವನಿಗೆ ಸಿಗದಿದ್ದರೂ ಚಿಂತೆಯಿಲ್ಲ, ಆ ಓಟವೇ ಹಿಂದಿನ ಸಾಲನ್ನು ಹತ್ತು ಹೆಜ್ಜೆ ಹಿಂದಕ್ಕೆ ಎಳೆದು ಸಾಲುಗಳ ನಡುವೆ ಸಂದು ಮಾಡಿಕೊಡುತ್ತದೆ. ಚೆಂಡನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ವ್ಯೂಹ ಸರಿಯುವುದಕ್ಕಿಂತ ವೇಗವಾಗಿ ದಾಟಿಸುವುದೂ ಒಂದು ಬಗೆ. ಎನ್ರಿಕೆ ಅಂದು ಇಳಿಸಿದ ಹನ್ನೊಂದು ಮಂದಿಯಲ್ಲಿ ಇವನ್ನು ಸ್ವಭಾವತಃ ಮಾಡುವವರು ವಿರಳ. ಮುಂಚೂಣಿಯ ನಡುವಿನಲ್ಲಿ ಮಾರ್ಕೊ ಅಸೆನ್ಸಿಯೊ ಇದ್ದರು; ಅವರು ಕಸುಬಿನಿಂದ ಸ್ಟ್ರೈಕರ್ ಅಲ್ಲ, ಚೆಂಡಿಗಾಗಿ ಕೆಳಗೆ ಇಳಿದು ಬರುವವರು. ದಾನಿ ಓಲ್ಮೊ ಬದಿಯಿಂದ ಒಳಕ್ಕೆ ಬಂದು ಪಾಸ್ ಹುಡುಕುವವರು. ಪೆದ್ರಿ ಮತ್ತು ಗಾವಿ ಕಾಲಿಗೆ ಚೆಂಡು ಬೇಡುವವರು. ಎಲ್ಲರೂ ಚೆಂಡಿನ ಹತ್ತಿರಕ್ಕೆ ಬಂದರು, ಚೆಂಡಿನಿಂದ ದೂರಕ್ಕೆ ಓಡಿದವರು ಕಡಿಮೆ. ಇದಕ್ಕೆ ಸೇರಿಸಿ, ಆ ವಿಶ್ವಕಪ್‌ನಲ್ಲಿ ರೋಡ್ರಿ ಆಡಿದ್ದು ಸೆಂಟರ್ ಬ್ಯಾಕ್ ಆಗಿ. ಮಧ್ಯದಿಂದ ಆಟವನ್ನು ತಿರುಗಿಸಬಲ್ಲ ಮನುಷ್ಯ ಬುಸ್ಕೆಟ್ಸ್‌ಗಿಂತ ಹಿಂದೆ ನಿಂತು ಲಾಳದ ತಳಭಾಗವಾಗಿಬಿಟ್ಟಿದ್ದರು.

75ನೇ ನಿಮಿಷದಲ್ಲಿ ಯುವ ವಿಂಗರ್ (ಬದಿಯಿಂದ ಆಕ್ರಮಣ ಮಾಡುವ ಆಟಗಾರ) ನಿಕೊ ವಿಲಿಯಮ್ಸ್ ಬದಲಿ ಆಟಗಾರನಾಗಿ ಬಂದರು. ಎದುರಿನವನ ಮೇಲೆ ನೇರ ಓಡಿಹೋಗುವವರು ಅವರು. ಪಂದ್ಯದ ಬಣ್ಣ ಸ್ವಲ್ಪ ಬದಲಾದದ್ದು ಆಗಲೇ. ಆದರೆ 118ನೇ ನಿಮಿಷದಲ್ಲಿ ಎನ್ರಿಕೆ ಅದೇ ವಿಲಿಯಮ್ಸ್ ಅವರನ್ನು ಹೊರಕ್ಕೆ ಕರೆದು ಸರಾಬಿಯ ಅವರನ್ನು ಕಳಿಸಿದರು. ಪೆನಾಲ್ಟಿ ಒದೆಯಲೆಂದು ಕಳಿಸಿದ್ದು ಎಂಬುದರಲ್ಲಿ ಅನುಮಾನವಿಲ್ಲ. ನನ್ನ ದೃಷ್ಟಿಯಲ್ಲಿ ಆ ಪಂದ್ಯದ ತಂತ್ರಗಾರಿಕೆಯ ಕಥೆಯೆಲ್ಲ ಈ ಎರಡು ಬದಲಾವಣೆಗಳಲ್ಲಿದೆ: ಕೀಲಿಕೈ ಜೇಬಿನಲ್ಲಿತ್ತು, ಬಹಳ ತಡವಾಗಿ ತೆಗೆದರು, ಬಾಗಿಲು ತೆರೆಯುವ ಮೊದಲೇ ಮತ್ತೆ ಜೇಬಿಗೆ ಹಾಕಿದರು.

ಇಷ್ಟು ಹೇಳಿದ ಮೇಲೆ ನಿಮ್ಮ ಅದೃಷ್ಟವಾದಿ ಗೆಳೆಯರಿಗೂ ನ್ಯಾಯ ಸಲ್ಲಿಸಬೇಕು. ಹಾಗೆ ಬಂದ ಸರಾಬಿಯ ಹೆಚ್ಚುವರಿ ಅವಧಿಯ ಕೊನೆಯ ಉಸಿರಿನಲ್ಲಿ ಓರೆ ಕೋನದಿಂದ ಒದ್ದ ಚೆಂಡು ದೂರದ ಕಂಬವನ್ನು ಸವರಿ ಹೊರಹೋಯಿತು. ಅದು ಒಂದಿಷ್ಟು ಒಳಕ್ಕೆ ತಿರುಗಿದ್ದರೆ ಇಂದು ನಾವು ಎನ್ರಿಕೆ ಅವರ ತಾಳ್ಮೆಯನ್ನೂ 118ನೇ ನಿಮಿಷದ ಜಾಣ ಬದಲಾವಣೆಯನ್ನೂ ಹೊಗಳುತ್ತಿದ್ದೆವು, ಮತ್ತು ಗೆದ್ದೆತ್ತಿನ ಬಾಲ ಹಿಡಿಯುವುದು ನಮಗೆ ಹೊಸದೇನಲ್ಲ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಿ: ಚೆಂಡು ಕಂಬಕ್ಕೆ ಬಡಿದದ್ದು ದುರದೃಷ್ಟ; 120 ನಿಮಿಷ ಆಡಿ ಅಂಥ ಅವಕಾಶ ಒಂದೋ ಎರಡೋ ಮಾತ್ರ ಸೃಷ್ಟಿಯಾದದ್ದು ದುರದೃಷ್ಟವಲ್ಲ. ಅದೃಷ್ಟದ ಮಾತನ್ನು ಮೊದಲನೆಯದಕ್ಕೆ ಸೀಮಿತಗೊಳಿಸಿದರೆ ನಿಮ್ಮ ವಾದಗಳು ಅರ್ಧದಷ್ಟು ಬೇಗ ಮುಗಿಯುತ್ತವೆ.

ಪೆನಾಲ್ಟಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಶೂಟೌಟನ್ನು ಲಾಟರಿ ಎಂದು ಎನ್ರಿಕೆ ನಂಬಿರಲಿಲ್ಲ. ವಿಶ್ವಕಪ್‌ಗೆ ಬರುವ ಮೊದಲು ತಮ್ಮ ತಮ್ಮ ಕ್ಲಬ್‌ಗಳಲ್ಲಿ ಸಾವಿರ ಪೆನಾಲ್ಟಿಗಳನ್ನು ಅಭ್ಯಾಸ ಮಾಡಿರಬೇಕು ಎಂದು ಆಟಗಾರರಿಗೆ ಹೇಳಿದ್ದಾಗಿ ಅವರೇ ಪಂದ್ಯದ ಮುನ್ನಾದಿನ ತಿಳಿಸಿದ್ದರು. ಎದುರಿಗೆ ನಿಂತಿದ್ದ ಬೂನು ಆಗ ಸ್ಪೇನ್‌ನ ಲೀಗ್‌ನಲ್ಲಿಯೇ, ಸೆವಿಯಾ ಕ್ಲಬ್‌ಗೆ ಆಡುತ್ತಿದ್ದವರು. ಒದೆಯಲು ಬಂದವರೆಲ್ಲ ಅವರಿಗೆ ಅಪರಿಚಿತರಲ್ಲ. ಸ್ಪೇನ್ 2018ರ ವಿಶ್ವಕಪ್‌ನಿಂದಲೂ 2021ರಲ್ಲಿ ನಡೆದ ಯೂರೊ ಸೆಮಿಫೈನಲ್‌ನಿಂದಲೂ ಹೊರಬಿದ್ದದ್ದು ಶೂಟೌಟ್‌ನಲ್ಲೇ. ಶೂಟೌಟ್‌ವರೆಗೆ ಏಕೆ ಹೋಗಬೇಕಾಯಿತು ಎಂಬುದೇ ನನಗೆ ಹೆಚ್ಚು ಮುಖ್ಯವಾದ ಪ್ರಶ್ನೆ.

2018ರ ಆ ಪಂದ್ಯ ನಿಮ್ಮ ಮೊದಲ ಗುಂಪಿನ ಗೆಳೆಯರಿಗೆ, ಅಂದರೆ ಎಲ್ಲವೂ ಎನ್ರಿಕೆ ತಪ್ಪು ಎನ್ನುವವರಿಗೆ, ಉತ್ತರವಾಗಬಲ್ಲದು. ಜುಲೈ 1ರಂದು ಮಾಸ್ಕೊದ ಲುಜ್ನಿಕಿ ಕ್ರೀಡಾಂಗಣದಲ್ಲಿ ಆತಿಥೇಯ ರಷ್ಯಾ ಐವರು ಡಿಫೆಂಡರ್‌ಗಳನ್ನು ನಿಲ್ಲಿಸಿಕೊಂಡು ಕಾದಿತು. ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಆಡಿತು. ಅದರ ಖಾತೆಗೆ ಬಂದ ಏಕೈಕ ಗೋಲು ಸೆರ್ಗೆಯ್ ಇಗ್ನಾಶೆವಿಚ್ ತಮ್ಮದೇ ಗೋಲಿಗೆ ಹೊಡೆದುಕೊಂಡದ್ದು. ಆರ್ಟೆಮ್ ಜ್ಯೂಬಾ ಪೆನಾಲ್ಟಿಯಲ್ಲಿ ಸಮ ಮಾಡಿದರು, ಶೂಟೌಟ್‌ನಲ್ಲಿ ಇಗೊರ್ ಅಕಿನ್ಫೆಯೆವ್ ಎರಡು ಹೊಡೆತ ತಡೆದರು, ಸ್ಪೇನ್ ಮನೆಗೆ ಹೋಯಿತು. ಆಗಿನ ಕೋಚ್ ಫೆರ್ನಾಂಡೊ ಹಿಯೆರೊ. ಹುಲೆನ್ ಲೊಪೆಟೆಗಿ ಅವರನ್ನು ತಂಡದ ಮೊದಲ ಪಂದ್ಯಕ್ಕೆ ಎರಡು ದಿನ ಇರುವಾಗ ವಜಾ ಮಾಡಿದ್ದರಿಂದ ಆ ಜಾಗಕ್ಕೆ ಬಂದವರು. ನಾಲ್ಕು ವರ್ಷ, ಇಬ್ಬರು ಕೋಚ್‌ಗಳು, ಬಹುಮಟ್ಟಿಗೆ ಬೇರೆ ಆಟಗಾರರು, ಆದರೂ ಸೋಲಿನ ಅಚ್ಚು ಒಂದೇ. ಹಾಗಾದರೆ ದೋಷ ಒಬ್ಬ ವ್ಯಕ್ತಿಯದ್ದಲ್ಲ. ಇಡೀ ಒಂದು ಪರಂಪರೆ ತನ್ನ ಬಲವನ್ನೇ ಅತಿಯಾಗಿ ನಂಬಿದ್ದರ ಫಲ ಅದು.

ಆ ನಂಬಿಕೆ ಎಲ್ಲಿಂದ ಬಂತು ಎಂಬುದನ್ನೂ ಮರೆಯಬಾರದು. 2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದಾಗ ಪೋರ್ಚುಗಲ್, ಪರಗ್ವೆ, ಜರ್ಮನಿ, ನೆದರ್ಲೆಂಡ್ಸ್ ಈ ನಾಲ್ಕೂ ತಂಡಗಳ ವಿರುದ್ಧ ನಾಕೌಟ್ ಹಂತದಲ್ಲಿ ಬಂದ ಫಲಿತಾಂಶ 1–0. ಏಳು ಪಂದ್ಯಗಳಲ್ಲಿ ಹೊಡೆದದ್ದು ಎಂಟೇ ಗೋಲು, ಬಿಟ್ಟುಕೊಟ್ಟದ್ದು ಎರಡು. ಇದನ್ನು ಆಕ್ರಮಣದ ಅಬ್ಬರವೆಂದು ನೆನಪಿಟ್ಟುಕೊಂಡವರು ಬಹಳ ಮಂದಿ. ಅಂಕಿಗಳನ್ನು ನೋಡಿದರೆ ಅದು ಚೆಂಡನ್ನೇ ಗುರಾಣಿ ಮಾಡಿಕೊಂಡ ರಕ್ಷಣೆಯ ಆಟ. ಎದುರಾಳಿಯ ಬಳಿ ಚೆಂಡೇ ಇಲ್ಲದಿದ್ದರೆ ಅವರು ಗೋಲು ಹೊಡೆಯುವುದಾದರೂ ಹೇಗೆ? ಆದ್ದರಿಂದ ಹಿಡಿತಕ್ಕೆ ಬೆಲೆಯೇ ಇಲ್ಲವೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬೆಲೆ ಇದೆ, ಆದರೆ ಮೊದಲ ಬೆಲೆ ರಕ್ಷಣೆಯ ಲೆಕ್ಕದಲ್ಲಿ. ಮೊರಾಕೊ ವಿರುದ್ಧವೂ ಸ್ಪೇನ್ ಬಿಟ್ಟುಕೊಟ್ಟ ಅವಕಾಶಗಳು ಕಡಿಮೆಯೇ. ಆಕ್ರಮಣದ ಲೆಕ್ಕಕ್ಕೆ ಬರಬೇಕಾದರೆ ಹಿಡಿತದ ಜೊತೆಗೆ ಇನ್ನೇನಾದರೂ ಬೇಕು.

ಯಾರ ಇಚ್ಛೆಯಂತೆ ಎಂಬ ನನ್ನ ಮಾತಿಗೆ ಅದೇ ವಿಶ್ವಕಪ್ ಎರಡು ಒಳ್ಳೆಯ ಸಾಕ್ಷಿಗಳನ್ನು ಕೊಡುತ್ತದೆ. ಮೊರಾಕೊ ಪಂದ್ಯಕ್ಕೆ ಐದು ದಿನ ಮೊದಲು ಜಪಾನ್ ತಂಡ ಶೇ 18ಕ್ಕಿಂತ ಕಡಿಮೆ ಹಿಡಿತ ಇಟ್ಟುಕೊಂಡು ಸ್ಪೇನ್ ತಂಡವನ್ನು 2–1ರಿಂದ ಸೋಲಿಸಿತು. ಮೊದಲಾರ್ಧದಲ್ಲಿ ಹಿಂದೆ ಸರಿದು ಒಂದು ಗೋಲು ಕಳೆದುಕೊಂಡಿದ್ದ ಜಪಾನ್, ವಿರಾಮದ ನಂತರ ಇಬ್ಬರು ಹೊಸ ಆಟಗಾರರೊಂದಿಗೆ ಸ್ಪೇನ್‌ನ ಹಿಂಬದಿಯ ಮೇಲೆಯೇ ಎರಗಿತು. 48 ಮತ್ತು 51ನೇ ನಿಮಿಷಗಳಲ್ಲಿ ಎರಡು ಗೋಲು ಹೊಡೆದು ಮತ್ತೆ ಹಿಂದೆ ಸರಿಯಿತು. ಪಂದ್ಯದ ವೇಗವನ್ನು ಯಾವಾಗ ಏರಿಸಬೇಕು ಎಂದು ನಿರ್ಧರಿಸಿದ್ದು ಚೆಂಡು ಇಲ್ಲದ ತಂಡ. ಎರಡನೆಯ ಸಾಕ್ಷಿ ಮೊರಾಕೊದ್ದೇ. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಐದನೇ ನಿಮಿಷದಲ್ಲೇ ತಿಯೊ ಹರ್ನಾಂಡೆಜ್ ಅವರಿಂದ ಗೋಲು ಪಡೆದು ಮುಂದಾಯಿತು. ಈಗ ಕಾಯುವ ಸೌಲಭ್ಯ ಫ್ರಾನ್ಸ್‌ಗೆ, ಆಡಲೇಬೇಕಾದ ಹೊರೆ ಮೊರಾಕೊಗೆ. ಅಂದು ಹೆಚ್ಚು ಹೊತ್ತು ಚೆಂಡು ಇಟ್ಟುಕೊಂಡದ್ದು ಮೊರಾಕೊ, 2–0ರಿಂದ ಗೆದ್ದದ್ದು ಫ್ರಾನ್ಸ್. ಎಂಟು ದಿನ ಮೊದಲು ಸ್ಪೇನ್ ನಿಂತಿದ್ದ ಜಾಗದಲ್ಲೇ ಮೊರಾಕೊ ನಿಂತಿತ್ತು. ಗೋಲಿನ ಲೆಕ್ಕ ಬದಲಾದೊಡನೆ ಹಿಡಿತದ ಅರ್ಥವೂ ಬದಲಾಗುತ್ತದೆ. ಮುಂದಿರುವ ತಂಡ ಚೆಂಡನ್ನು ಬಿಟ್ಟುಕೊಡುವುದು ಸಹಜ. ಹಾಗಾಗಿ ಪಂದ್ಯದ ಕೊನೆಯಲ್ಲಿ ಪರದೆಯ ಮೇಲೆ ಬರುವ ಒಟ್ಟು ಶೇಕಡಾವಾರಿಗಿಂತ, ಅಂಕ ಸಮನಾಗಿದ್ದಾಗಿನ ಆಟವನ್ನು ಮಾತ್ರ ನೆನಪಿಟ್ಟು ಮಾತನಾಡುವುದು ಒಳ್ಳೆಯದು.

ಈಗ 2024ಕ್ಕೆ ಬರೋಣ. ಎನ್ರಿಕೆ ನಂತರ ಬಂದ ಲೂಯಿಸ್ ಡೆ ಲಾ ಫುಯೆಂಟೆ ಅವರ ಎರಡನೇ ಪಂದ್ಯದಲ್ಲೇ, 2023ರ ಮಾರ್ಚ್‌ನಲ್ಲಿ, ಸ್ಪೇನ್ ಗ್ಲಾಸ್ಗೊದಲ್ಲಿ ಸ್ಕಾಟ್ಲೆಂಡ್‌ಗೆ 2–0ರಿಂದ ಸೋತಿತು. ಎರಡೂ ಗೋಲು ಸ್ಕಾಟ್ ಮೆಕ್‌ಟಾಮಿನೆ ಅವರದು. ಹೊಸ ಕೋಚ್ ಕೂಡ ಹಳೆಯ ಹಾದಿಯೇ ಎಂದು ಗೊಣಗಾಟ ಶುರುವಾಯಿತು. ಅದೇ ವರ್ಷ ಜೂನ್‌ನಲ್ಲಿ ಅವರು ಯುರೋಪಿನ ರಾಷ್ಟ್ರೀಯ ತಂಡಗಳ ಇನ್ನೊಂದು ಟೂರ್ನಿಯಾದ ನೇಷನ್ಸ್ ಲೀಗ್ ಗೆದ್ದರು, ಅದೂ ಕ್ರೊಯೇಷಿಯಾ ವಿರುದ್ಧ ಗೋಲಿಲ್ಲದ ಫೈನಲ್‌ನ ನಂತರ ಶೂಟೌಟ್‌ನಲ್ಲಿ. ಮುಂದಿನ ವರ್ಷ ಯೂರೊ ಕಪ್‌ನ ಮೊದಲ ಪಂದ್ಯದಲ್ಲಿ ಬರ್ಲಿನ್‌ನಲ್ಲಿ ಮತ್ತೆ ಕ್ರೊಯೇಷಿಯಾ ಎದುರಾದಾಗ ಸ್ಪೇನ್ 3–0ರಿಂದ ಗೆದ್ದಿತು, ಮತ್ತು ಆ ಪಂದ್ಯದಲ್ಲಿ ಹೆಚ್ಚು ಹೊತ್ತು ಚೆಂಡು ಇದ್ದದ್ದು ಕ್ರೊಯೇಷಿಯಾ ಬಳಿ. ಸ್ಪೇನ್ ಪಂದ್ಯಗಳನ್ನು ಹಲವು ವರ್ಷ ನೋಡಿದವರಿಗೆ ಇದು ಕಣ್ಣುಜ್ಜಿಕೊಳ್ಳುವಂಥ ಸಂಗತಿ. ಏಳೂ ಪಂದ್ಯ ಗೆದ್ದು, ಒಂದೇ ಯೂರೊ ಟೂರ್ನಿಯಲ್ಲಿ ಹಿಂದೆ ಯಾವ ತಂಡವೂ ಹೊಡೆಯದಷ್ಟು, ಅಂದರೆ 15 ಗೋಲು ಹೊಡೆದು, ಜುಲೈ 14ರಂದು ಫೈನಲ್‌ನಲ್ಲಿ ಇಂಗ್ಲೆಂಡ್ ತಂಡವನ್ನು 2–1ರಿಂದ ಮಣಿಸಿ ಅವರು ಕಪ್ ಎತ್ತಿದರು.

ಇದರಿಂದ ಸ್ಪೇನ್ ಪಾಸ್ ಆಟವನ್ನು ಕೈಬಿಟ್ಟಿತು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಜಾರ್ಜಿಯಾ ವಿರುದ್ಧ 4–1ರಿಂದ ಗೆದ್ದ ಪಂದ್ಯದಲ್ಲಿ ಚೆಂಡು ಹಳೆಯ ದಿನಗಳಂತೆಯೇ ಸ್ಪೇನ್ ಬಳಿ ಇತ್ತು. ಬದಲಾದದ್ದು ಬದಿಗಳು. ಒಂದು ಕಡೆ ನಿಕೊ ವಿಲಿಯಮ್ಸ್, ಇನ್ನೊಂದು ಕಡೆ ಫೈನಲ್‌ನ ಮುನ್ನಾದಿನ 17 ತುಂಬಿದ ಲಮಿನ್ ಯಮಾಲ್. ಇಬ್ಬರೂ ಗೆರೆಯ ಅಂಚಿನಲ್ಲಿ ಅಗಲವಾಗಿ ನಿಲ್ಲುವವರು, ಇಬ್ಬರೂ ಎದುರಿನವನನ್ನು ದಾಟಲು ಹೆದರದವರು. ಹಾಗೆ ಇಬ್ಬರು ನಿಂತರೆ ಎದುರಾಳಿಯ ನಾಲ್ವರ ಸಾಲು ತಾನಾಗಿಯೇ ಅಗಲವಾಗುತ್ತದೆ. 2022ರಲ್ಲಿ ಸಾವಿರ ಪಾಸ್‌ಗೂ ತೆರೆಯದ ಸಂದು ನಡುವೆ ಬೀಳುತ್ತದೆ. ಆ ಸಂದಿಗೆ ನುಗ್ಗಲು ಓಲ್ಮೊ ಮತ್ತು ಫಾಬಿಯನ್ ರೂಯಿಸ್ ಇದ್ದರು. ರೋಡ್ರಿ ಈ ಸಲ ತಮ್ಮ ನಿಜವಾದ ಜಾಗದಲ್ಲಿ, ಮಧ್ಯದಲ್ಲಿ, ನಿಂತು ಆಟದ ದಿಕ್ಕು ಬದಲಿಸುತ್ತಿದ್ದರು. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ ಸಂದಿತು.

ನಿಮ್ಮ ಮೂರನೇ ಗುಂಪಿನ, ಸ್ಟ್ರೈಕರ್ ಕೊರತೆಯ, ವಾದಕ್ಕೆ ಇಲ್ಲೊಂದು ತೊಡಕಿದೆ. 2022ರಲ್ಲಿ ಆಲ್ವಾರೊ ಮೊರಾಟ ಗುಂಪು ಹಂತದ ಮೂರೂ ಪಂದ್ಯಗಳಲ್ಲಿ ಒಂದೊಂದು ಗೋಲು ಹೊಡೆದಿದ್ದರು. 2024ರಲ್ಲಿ ನಾಯಕರಾಗಿ ಇಡೀ ಟೂರ್ನಿಯಲ್ಲಿ ಅವರು ಹೊಡೆದದ್ದು ಒಂದೇ ಗೋಲು. ಮೂರು ಗೋಲು ಹೊಡೆದ ಸ್ಟ್ರೈಕರ್ ಇದ್ದ ತಂಡ 16ರ ಘಟ್ಟದಲ್ಲಿ ಹೊರಬಿತ್ತು, ಒಂದು ಗೋಲಿನ ಸ್ಟ್ರೈಕರ್ ಇದ್ದ ತಂಡ ಚಾಂಪಿಯನ್ ಆಯಿತು. ಮೊರಾಕೊ ಪಂದ್ಯದಲ್ಲಿ ಮೊರಾಟ ಅವರನ್ನು ಒಂದು ಗಂಟೆ ಕೂರಿಸಿದ್ದು ತಪ್ಪು ಎಂದು ನಾನೂ ಒಪ್ಪುತ್ತೇನೆ, ಆದರೆ ಅವರು ಗೋಲು ಹೊಡೆಯುತ್ತಿದ್ದರು ಎಂಬ ಕಾರಣಕ್ಕಲ್ಲ. ಡಿಫೆಂಡರ್‌ಗಳನ್ನು ಹಿಂದಕ್ಕೆ ಎಳೆಯುತ್ತಿದ್ದರು ಎಂಬ ಕಾರಣಕ್ಕೆ.

ರಾಷ್ಟ್ರೀಯ ತಂಡದ ಕೋಚ್‌ಗಳನ್ನು ಅಳೆಯುವಾಗ ನಾವೆಲ್ಲ ಮಾಡುವ ಒಂದು ತಪ್ಪನ್ನೂ ಹೇಳಬೇಕು. ಕ್ಲಬ್ ಕೋಚ್‌ಗೆ ಆಟಗಾರರು ದಿನವೂ ಸಿಗುತ್ತಾರೆ. ರಾಷ್ಟ್ರೀಯ ತಂಡದ ಕೋಚ್‌ಗೆ ವರ್ಷದಲ್ಲಿ ಕೆಲವು ಬಾರಿ, ಕೆಲವೇ ದಿನ ಸಿಗುತ್ತಾರೆ. ಅದರಲ್ಲೂ ಒಂದಿಷ್ಟು ಪ್ರಯಾಣಕ್ಕೆ, ಒಂದಿಷ್ಟು ದಣಿವಾರಿಸಿಕೊಳ್ಳುವುದಕ್ಕೆ ಹೋಗುತ್ತದೆ. ರಕ್ಷಣೆಯ ವ್ಯೂಹವನ್ನು ಅಷ್ಟರಲ್ಲಿ ಕಲಿಸಬಹುದು, ರೆಗ್ರಾಗಿ ಕಲಿಸಿ ತೋರಿಸಿದರು. ಆ ವ್ಯೂಹವನ್ನು ಒಡೆಯುವ ಹೊಂದಾಣಿಕೆಗೆ, ಒಬ್ಬನ ಓಟಕ್ಕೆ ಇನ್ನೊಬ್ಬನ ಪಾಸ್ ಕಣ್ಣೋಟದಲ್ಲೇ ಕೂಡಿಬರುವುದಕ್ಕೆ, ಹೆಚ್ಚು ಕಾಲ ಬೇಕು. ಆದ್ದರಿಂದಲೇ ರಾಷ್ಟ್ರೀಯ ತಂಡಗಳ ಪಂದ್ಯಗಳಲ್ಲಿ ಗೋಡೆ ಕಟ್ಟುವವರಿಗೆ ಅನುಕೂಲ ಹೆಚ್ಚು. 2004ರಲ್ಲಿ ಒಟ್ಟೊ ರೆಹಾಗೆಲ್ ಅವರ ಗ್ರೀಸ್ ತಂಡ ಫೈನಲ್‌ನಲ್ಲಿ ಆತಿಥೇಯ ಪೋರ್ಚುಗಲ್ ತಂಡವನ್ನು 1–0ರಿಂದ ಸೋಲಿಸಿ ಯೂರೊ ಗೆದ್ದದ್ದು ಇದೇ ದಾರಿಯಲ್ಲಿ. ಡೆ ಲಾ ಫುಯೆಂಟೆ ಈ ಕಾಲದ ಕೊರತೆಯನ್ನು ಬೇರೊಂದು ರೀತಿಯಲ್ಲಿ ತುಂಬಿಕೊಂಡರು. ಅವರು ಬಹುಕಾಲ ಸ್ಪೇನ್‌ನ ಕಿರಿಯರ ತಂಡಗಳ ಕೋಚ್ ಆಗಿದ್ದವರು. 2015ರಲ್ಲಿ 19 ವರ್ಷದೊಳಗಿನವರ, 2019ರಲ್ಲಿ 21 ವರ್ಷದೊಳಗಿನವರ ಯೂರೊ ಗೆದ್ದವರು. ಉನಾಯ್ ಸಿಮೊನ್, ಫಾಬಿಯನ್ ರೂಯಿಸ್, ಓಲ್ಮೊ, ಮಿಕೆಲ್ ಮೆರಿನೊ, ಮಿಕೆಲ್ ಒಯಾರ್ಸಬಾಲ್ ಅವರೆಲ್ಲ 2019ರ ಆ ತಂಡದಲ್ಲಿದ್ದವರೇ. ಹತ್ತು ದಿನದ ಶಿಬಿರದಲ್ಲಿ ಕಲಿಸಲಾಗದ್ದನ್ನು ಅವರು ವರ್ಷಗಳ ಹಿಂದೆಯೇ ಕಲಿಸಿ ಮುಗಿಸಿದ್ದರು. ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ವಿರುದ್ಧ 119ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದದ್ದು ಮೆರಿನೊ, ಫೈನಲ್‌ನಲ್ಲಿ 86ನೇ ನಿಮಿಷದಲ್ಲಿ ಹೊಡೆದದ್ದು ಒಯಾರ್ಸಬಾಲ್, ಇಬ್ಬರೂ ಬದಲಿ ಆಟಗಾರರು ಎಂಬುದನ್ನು ನಾನು ಬರಿಯ ಕಾಕತಾಳೀಯವೆಂದು ತಳ್ಳಿಹಾಕಲಾರೆ.

ಕೊನೆಯದಾಗಿ, ನೋಡುವುದು ಹೇಗೆ ಎಂಬ ನಿಮ್ಮ ಪ್ರಶ್ನೆ. ಟಿವಿ ಕ್ಯಾಮೆರಾ ಚೆಂಡನ್ನೇ ಹಿಂಬಾಲಿಸುವುದರಿಂದ ಇದು ಕಷ್ಟ, ಆದರೆ ಅಸಾಧ್ಯವಲ್ಲ. ನಾನು ಹೊಸಬರಿಗೆ ಮೊದಲು ಹೇಳುವುದು ಒಂದೇ: ಎದುರಾಳಿ ಡಿಫೆಂಡರ್‌ಗಳ ಮುಖ ಯಾವ ಕಡೆಗಿದೆ ನೋಡಿ. ಅವರು ಚೆಂಡಿಗೆ ಮುಖ ಮಾಡಿ, ಪಕ್ಕಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದರೆ ಆಕ್ರಮಣ ಎಷ್ಟೇ ಸೊಗಸಾಗಿ ಕಂಡರೂ ಅವರಿಗೆ ನೋವಾಗುತ್ತಿಲ್ಲ. ಅವರು ತಿರುಗಿ ತಮ್ಮದೇ ಗೋಲಿನ ಕಡೆಗೆ ಓಡುತ್ತಿದ್ದರೆ, ಪಾಸ್ ತಪ್ಪಿಹೋದರೂ ಆಕ್ರಮಣ ಸರಿಯಾದ ದಾರಿಯಲ್ಲಿದೆ. ಇದರ ಜೊತೆಗೆ, ಚೆಂಡು ಒಂದು ಬದಿಯಲ್ಲಿದ್ದಾಗ ಇನ್ನೊಂದು ಬದಿಯ ವಿಂಗರ್ ಎಲ್ಲಿದ್ದಾನೆ ಎಂದು ಕ್ಯಾಮೆರಾ ಹಿಂದೆ ಸರಿದಾಗಲೆಲ್ಲ ಹುಡುಕಿ. ಅವನು ಒಳಗೆ ಬಂದು ಗುಂಪಿನಲ್ಲಿ ಸೇರಿಕೊಂಡಿದ್ದರೆ ವ್ಯೂಹವೂ ಕಿರಿದಾಗಿ ನಿಲ್ಲಬಲ್ಲದು. ಚೆಂಡು ಕಳೆದುಕೊಂಡ ಮೊದಲ ನಾಲ್ಕೈದು ಸೆಕೆಂಡುಗಳಲ್ಲಿ ಹತ್ತಿರದ ಆಟಗಾರ ಮುಂದೆ ಓಡುತ್ತಾನೋ ಹಿಂದೆ ಓಡುತ್ತಾನೋ ಎಂಬುದೂ ಕೋಚ್‌ನ ಮನಸ್ಸನ್ನು ತೋರಿಸುತ್ತದೆ.

ಮೊರಾಕೊ ಪಂದ್ಯದ ಮೊದಲ ಮುಕ್ಕಾಲು ಗಂಟೆ ಮತ್ತು ಯೂರೊ ಫೈನಲ್‌ನ 47ನೇ ನಿಮಿಷ, ಇವೆರಡನ್ನೂ ಗೆಳೆಯರ ಜೊತೆ ಕೂತು ಒಂದರ ಬೆನ್ನಿಗೆ ಒಂದು ನೋಡಿ. ಮೊದಲನೆಯದರಲ್ಲಿ ಮೊರಾಕೊ ಡಿಫೆಂಡರ್‌ಗಳ ಬೆನ್ನು ನಿಮಗೆ ಎಷ್ಟು ಸಲ ಕಾಣಿಸುತ್ತದೆ ಎಂದು ಎಣಿಸಿ. ಎರಡನೆಯದರಲ್ಲಿ ಯಮಾಲ್ ಬಲಬದಿಯಿಂದ ಒಳಕ್ಕೆ ಚೆಂಡು ತಂದೊಡನೆ ಇಂಗ್ಲೆಂಡ್ ಡಿಫೆಂಡರ್‌ಗಳೆಲ್ಲ ಅವರ ಕಡೆಗೇ ವಾಲುತ್ತಾರೆ, ಎಡಬದಿ ತೆರವಾಗುತ್ತದೆ, ಅಲ್ಲಿಗೆ ಓಡಿಬಂದು ಗೋಲು ಹೊಡೆಯುವ ಆಟಗಾರ ಅದೇ ನಿಕೊ ವಿಲಿಯಮ್ಸ್.